ಸಕ್ಕರಿ ಪುಡಾದ ತಾಟಿನಲ್ಲಿ ಎರಡು ಚೀಟಿ

ಆ ಊರಿನವರು ಹೇಳುವ ಕಥೆ ಹೀಗಿದೆ. ಬಸವಕಲ್ಯಾಣದಿಂದ ಒಬ್ಬ ಹುಡುಗಿ ಬಂದಳು, ನಮ್ಮ ಹೆಣ್ಣುಮಕ್ಕಳಿಗೆ ಮಾತು ಕಲಿಸಿದಳು, ಕಟ್ಟೆಯ ಮೇಲೆ ಕೂತ ಹಿರಿಯರನ್ನು ವಾದದಲ್ಲಿ ಗೆದ್ದಳು. ಅಂದಿನಿಂದ ಹುಡುಗ ಹುಡುಗಿ ಇಬ್ಬರ ರಕ್ತಪರೀಕ್ಷೆಯ ಚೀಟಿಯನ್ನೂ ತಾಟಿನಲ್ಲಿ ಇಡದೆ ನಮ್ಮಲ್ಲಿ ಸಕ್ಕರಿ ಪುಡಾ ಬಿಚ್ಚುವುದಿಲ್ಲ. ಇನ್ನು ನಮ್ಮ ಮಕ್ಕಳಿಗೆ ಯಾರೂ ಮೋಸ ಮಾಡುವಂತಿಲ್ಲ.

ಸಕ್ಕರಿ ಪುಡಾ ಎಂದರೆ ನಮ್ಮ ಕಡೆಯ ನಿಶ್ಚಿತಾರ್ಥ. ಗಂಡಿನ ಕಡೆಯವರು ತಂದ ಸಕ್ಕರೆ ಪೊಟ್ಟಣವನ್ನು ಹಿರಿಯರ ಎದುರು ಬಿಚ್ಚಿ ಎಲ್ಲರ ಬಾಯಿಗೂ ಚಿಟಿಕೆ ಹಾಕಿದರೆ ಸಂಬಂಧ ಗಟ್ಟಿಯಾದಂತೆ.

ಈ ಕಥೆಯಲ್ಲಿ ಸುಳ್ಳು ಒಂದೂ ಇಲ್ಲ. ಬಸವಕಲ್ಯಾಣದ ಹುಡುಗಿ ನಾನೇ. ಹಿರಿಯರನ್ನು ಗೆದ್ದದ್ದೂ ನಾನೇ. ಹುಮನಾಬಾದಿನ ಒಂದು ಸಭೆಯಲ್ಲಿ ಅದಕ್ಕಾಗಿ ನನಗೆ ಶಾಲು ಹೊದಿಸಿದ್ದೂ ನಿಜ. ಎಲ್ಲವೂ ನಿಜವಾಗಿರುವುದರಿಂದಲೇ ನನಗೆ ಈ ಕಥೆಯ ಮೇಲೆ ಗುಮಾನಿ. ಚರ್ಚಾಸ್ಪರ್ಧೆಗಳಲ್ಲಿ ನಾನು ಮೊದಲು ಕಲಿತ ವಿದ್ಯೆಯೇ ಅದು: ಸುಳ್ಳು ಹೇಳಬೇಕಾಗಿಲ್ಲ, ಯಾವ ನಿಜವನ್ನು ಕೈಬಿಡಬೇಕೆಂದು ಗೊತ್ತಿದ್ದರೆ ಸಾಕು.

ಇಲ್ಲಿ ಕೈಬಿಟ್ಟ ನಿಜವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಊರಿನಲ್ಲಿ ರವಿಕೆ ಹೊಲಿಯುವ ಒಬ್ಬ ಹುಡುಗಿ ಇದ್ದಳು. ಹುಟ್ಟುವಾಗಲೇ ತಾಯಿಯಿಂದ ಅವಳಿಗೆ ಎಚ್‌ಐವಿ ಬಂದಿತ್ತು. ತಂದೆತಾಯಿ ಇಬ್ಬರೂ ಅವಳು ಸಣ್ಣವಳಿರುವಾಗಲೇ ತೀರಿಕೊಂಡಿದ್ದರು. ಊರಿನ ಲೆಕ್ಕದಲ್ಲಿ ಅದು ಕ್ಷಯ. ಅವಳು ತಪ್ಪದೆ ಗುಳಿಗೆ ನುಂಗುತ್ತಿದ್ದಳು, ಗಟ್ಟಿಮುಟ್ಟಾಗಿದ್ದಳು. ರಕ್ತದಲ್ಲಿ ವೈರಸ್ ಯಂತ್ರಕ್ಕೂ ಸಿಗದಷ್ಟು ಅಡಗಿದೆ, ಮದುವೆಯಾಗಬಹುದು, ಆರೋಗ್ಯವಂತ ಮಗುವನ್ನೂ ಹೆರಬಹುದು ಎಂದು ಡಾಕ್ಟರು ಹೇಳಿದ್ದರು. ಇದು ಅವಳಿಗೂ ಅವಳನ್ನು ಸಾಕಿದ ಅಜ್ಜಿಗೂ ಬಿಟ್ಟರೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನಾನು ಕಟ್ಟೆಯ ಮೇಲೆ ಗೆದ್ದು ಕಿತ್ತುಕೊಂಡದ್ದು ಅವಳ ಮದುವೆಯನ್ನು, ಅವಳ ಗುಟ್ಟನ್ನು, ಅವಳ ಊರನ್ನು.

ಬರೆಯುವ ಮೊದಲು ಅವಳನ್ನು ಕೇಳಿದೆ. "ಬರೀರಿ. ಹೆಸರ ಹಾಕಬ್ಯಾಡ್ರಿ, ನಂದೂ ಬ್ಯಾಡ, ಮತ್ತ್ಯಾರದೂ ಬ್ಯಾಡ. ಉಳಿದದ್ದು ಹ್ಯಾಂಗೂ ಎಲ್ಲಾರಿಗೂ ಮಾಲೂಮ್ ಆಗೇದಲ್ಲ" ಅಂದಳು. ಊರಿನ ಹೆಸರನ್ನೂ ಬಿಟ್ಟಿದ್ದೇನೆ, ಒಂದೆರಡು ಗುರುತುಗಳನ್ನು ಬದಲಿಸಿದ್ದೇನೆ. ಮಾತುಗಳನ್ನು ಮಾತ್ರ ಬದಲಿಸಿಲ್ಲ.

ನಾನು ಬೆಳೆದದ್ದು ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ. ನಮ್ಮೂರಲ್ಲಿ ಯಾವ ಭಾಷಣವೂ ಹನ್ನೆರಡನೇ ಶತಮಾನವನ್ನು ಮುಟ್ಟದೆ ಮುಂದಕ್ಕೆ ಹೋಗುವುದಿಲ್ಲ. ನಲ್ಲಿ ನೀರಿನ ಉದ್ಘಾಟನೆಯಾದರೂ ಅಷ್ಟೇ. ಕಾಲೇಜಿನಲ್ಲಿ ನಾನು ಗೆಲ್ಲುತ್ತಿದ್ದದ್ದಕ್ಕೆ ಒಂದು ಕಾರಣ, ಆ ಶತಮಾನವನ್ನು ಪೂರಾ ಎದುರಾಳಿಗೆ ಬಿಟ್ಟುಕೊಟ್ಟು ಈ ವಾರದ ಪೇಪರಿನಿಂದ ಶುರು ಮಾಡುತ್ತಿದ್ದೆ. ಪರವೋ ವಿರೋಧವೋ ಎನ್ನುವುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದರು. ಛಾಪಾ ಬಿದ್ದರೆ ಪರ, ಕಾಟಾ ಬಿದ್ದರೆ ವಿರೋಧ. ಆ ಮಧ್ಯಾಹ್ನದ ನನ್ನ ನಂಬಿಕೆ ಏನೆಂಬುದು ನನಗೇ ನಾಣ್ಯ ಬಿದ್ದ ಮೇಲೆ ತಿಳಿಯುತ್ತಿತ್ತು. ಇದರಲ್ಲಿ ನನಗೆ ಯಾವ ಮುಜುಗರವೂ ಇರಲಿಲ್ಲ. ಎರಡೂ ಕಡೆ ವಾದಿಸಬಲ್ಲವಳು ಯಾರಿಗೂ ಮರುಳಾಗುವುದಿಲ್ಲ ಎಂದುಕೊಂಡಿದ್ದೆ. ಅವ್ವ ಮಾತ್ರ ಸಾಲಾಗಿ ನಿಲ್ಲಿಸಿದ ಶೀಲ್ಡುಗಳ ಧೂಳು ಒರೆಸುತ್ತ, "ಒಂದರೆ ಆಳ ಇದ್ದದ್ದ ಕೊಡಬಾರದೇನ ಅವರು? ತೊಗರಿಬ್ಯಾಳಿ ಹಾಕಿಡಾಕ ಆಗ್ತಿತ್ತು" ಎನ್ನುತ್ತಿದ್ದಳು.

ಡಿಗ್ರಿ ಮುಗಿದ ಮೇಲೆ, ಹಳ್ಳಿಯ ಯುವತಿಯರ ಜೊತೆ ಎಚ್‌ಐವಿ ತಡೆಯುವ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆ ಸೇರಿದೆ. ನನ್ನ ಪಾಲಿಗೆ ಬಂದದ್ದು ಹೆದ್ದಾರಿಯಿಂದ ಒಳಗಿರುವ ಈ ಊರು. ಶನಿವಾರ ಶನಿವಾರ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ, ಅಲ್ಲಿಂದ ಹುಡಗಿ ಎಂಬ ಊರಿನ ಕಡೆ ಹೋಗುವ ಟಂಟಂ ಆಟೋ ಹತ್ತುತ್ತಿದ್ದೆ. ಆ ಊರಿನ ಗಂಡಸರಲ್ಲಿ ಅನೇಕರು ಲಾರಿಯ ಮೇಲೆ, ಮಿಕ್ಕವರು ಪುಣೆಯಲ್ಲಿ ಗಾರೆ ಕೆಲಸಕ್ಕೆ. ಹೆಂಗಸರು ಸೋಯಾ, ತೊಗರಿ, ಕಬ್ಬಿನ ಹೊಲಗಳಲ್ಲಿ ಕೂಲಿ. ಕಾಯಿಲೆಗೆ ಊರಲ್ಲಿ ಹೆಸರೇ ಇರಲಿಲ್ಲ. "ಆ ಬ್ಯಾನಿ" ಎಂದು, ಮುಖ ಬೇರೆ ಕಡೆ ತಿರುಗಿಸಿ ಹೇಳುತ್ತಿದ್ದರು.

ಬುದ್ಧ ವಿಹಾರದ ಪಕ್ಕದ ಸಣ್ಣ ಹಾಲ್‌ನಲ್ಲಿ ಹುಡುಗಿಯರು ಸೇರುತ್ತಿದ್ದರು. ಸಂಸ್ಥೆ ಕೊಟ್ಟ ಚಿತ್ರಪಟ ತೂಗುಹಾಕಿ ನಾನು ಪಾಠ ಮಾಡಿದರೆ ಎಲ್ಲರೂ ಓಢಣಿಯಲ್ಲಿ ಮುಖ ಹೂತುಕೊಳ್ಳುತ್ತಿದ್ದರು. ಬಾಳೆಹಣ್ಣಿಗೆ ನಿರೋಧ್ ಹಾಕಿದ ಚಿತ್ರ ಬಂದ ದಿನ, ಹಿಂದಿನ ಸಾಲಿನಿಂದ ಒಬ್ಬಳು, "ಅಕ್ಕಾ, ಬಾಳಿಹಣ್ಣಿಗ ಏನ ಬ್ಯಾನಿ ಬಂದದ?" ಎಂದಳು. ಆಮೇಲೆ ಅವತ್ತು ಪಾಠ ನಡೆಯಲೇ ಇಲ್ಲ.

ಚಿತ್ರಪಟವನ್ನು ಸುರುಳಿ ಸುತ್ತಿಟ್ಟು ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹೊರಗೆ ತೆಗೆದೆ. ಎರಡು ಪಾರ್ಟಿ ಮಾಡಿ, ನಾಣ್ಯ ಚಿಮ್ಮಿ, ಚರ್ಚೆಗೆ ಇಳಿಸಿದೆ. ಮೊದಲ ವಿಷಯ, ಮನೆಯ ಮೊಬೈಲ್ ಯಾರ ಕೈಯಲ್ಲಿರಬೇಕು.

"ಅಣ್ಣನ ಕೈಯಾಗ ಇದ್ರ ಮೊಬೈಲು, ನನ್ನ ಕೈಯಾಗ ಬಂದ್ರ ಮನಿ ಇಜ್ಜತ್ ಹೋಗ್ತದಂತ. ಒಂದ ಡಬ್ಬಿ, ಕೈ ಬದಲಾದ್ರ ಇಷ್ಟ ಫರಕ್ ಹ್ಯಾಂಗ್ರಿ?" ಎಂದು ಬಾಳೆಹಣ್ಣಿನ ಹುಡುಗಿಯೇ ಎದ್ದು ನಿಂತು ಕೇಳಿದಳು. ಹಾಲ್ ಚಪ್ಪಾಳೆಯಿಂದ ತುಂಬಿತು. ಅಲ್ಲಿಂದ ಅವರನ್ನು ಹಿಡಿಯುವವರೇ ಇರಲಿಲ್ಲ. ಕೆಲವು ತಿಂಗಳಲ್ಲಿ ಒಬ್ಬಳು ಗಂಡನಾಗಿ ಮೀಸೆ ತಿರುವುತ್ತ "ನಿರೋಧ್ ಬ್ಯಾಡ" ಎಂದು ಹಟ ಹಿಡಿಯುವುದು, ಇನ್ನೊಬ್ಬಳು ಹೆಂಡತಿಯಾಗಿ ಅವನನ್ನು ದಾರಿಗೆ ತರುವುದು, ಎಲ್ಲ ಸಲೀಸಾಯಿತು. "ಲಾರಿಗೆ ಸ್ಟೆಪ್ನಿ ಇಟ್ಕೊಳ್ಳಾಕ ನಾಚ್ಕಿ ಇಲ್ಲ, ಇದಕ್ಕ ಯಾಕ ನಾಚ್ಕಿ?" ಎಂದು ಒಬ್ಬಳು ಕೇಳಿದಾಗ ಗಂಡನ ಪಾತ್ರದವಳು ಮೀಸೆ ಕಿತ್ತಿಟ್ಟಳು. ಈಗ ಹಿಂತಿರುಗಿ ನೋಡಿದರೆ, ಅಲ್ಲಿ ನಡೆದ ಕೆಲಸ ಅಂದರೆ ಅದೇ. ಅದಕ್ಕೆ ಯಾರೂ ಶಾಲು ಹೊದಿಸಲಿಲ್ಲ.

ಹೊಲಿಗೆಯ ಹುಡುಗಿ ಇವರಲ್ಲಿ ಯಾವ ಪಾರ್ಟಿಗೂ ಸೇರುತ್ತಿರಲಿಲ್ಲ. ತಡವಾಗಿ ಬರುವಳು, ಓಢಣಿಗೆ ದಾರದ ತುಂಡುಗಳು ಅಂಟಿರುತ್ತಿದ್ದವು, ಬಾಗಿಲ ಹತ್ತಿರ ಕೂರುವಳು. ಸುಮ್ಮನೆ ಕೂರುವವರನ್ನು ಕಂಡರೆ ನನಗೆ ಆಗದು. ಅದಕ್ಕೇ ಅವಳಿಗೆ ಸಮಯ ನೋಡುವ ಕೆಲಸ ಕೊಟ್ಟೆ. ಮಾತಿನ ವೇಳೆ ಮುಗಿದರೆ ಅವಳು ತನ್ನ ಕತ್ತರಿಯಿಂದ ಸ್ಟೀಲ್ ಲೋಟ ಬಡಿಯಬೇಕು. ಆ ಕೆಲಸದಲ್ಲಿ ಅವಳು ನಿರ್ದಯಿ. ಯಾರು ಎಂಥ ಚಂದದ ಮಾತಿನ ನಡುವೆ ಇದ್ದರೂ ಟಣ್ ಎನ್ನಿಸುವಳು. "ತಡಿಯೇ, ಅರ್ಧ ಮಾತ ಬಾಯಾಗ ಅದ" ಎಂದು ಯಾರಾದರೂ ಗೋಗರೆದರೆ, "ನುಂಗಿಬಿಡು, ನಿನಗ ಪಚನ ಆಗ್ತದ" ಎನ್ನುವಳು. ಒಮ್ಮೆ ನನ್ನ ಸಮಾರೋಪದ ಮಾತಿಗೂ ಬಡಿದಳು.

ಆ ವರ್ಷ ಊರಿನ ಒಬ್ಬ ಮದುವೆಯಾದ ಹುಡುಗಿ ಬಸುರಿಯಾಗಿ ತವರಿಗೆ ಬಂದಾಗ, ಆಸ್ಪತ್ರೆಯ ತಪಾಸಣೆಯಲ್ಲಿ ಎಚ್‌ಐವಿ ಇದೆಯೆಂದು ತಿಳಿಯಿತು. ಲಾರಿ ಓಡಿಸುವ ಗಂಡನಿಗೆ, ತನಗೆ ಅದು ಇರುವುದು ಮದುವೆಗೆ ಮುಂಚೆಯೇ ಗೊತ್ತಿತ್ತು. ಅವಳಿಗೆ ಔಷಧ ಶುರುವಾಯಿತು, ಮಗು ಉಳಿಯಿತು, ಅದು ಬೇರೆ ಮಾತು. ನಮ್ಮ ಗುಂಪು ಮಾತ್ರ ಕುದಿಯತೊಡಗಿತು. ಪುಡಾಕ್ಕೆ ಮೊದಲು ಹುಡುಗನ ರಕ್ತದ ಚೀಟಿ ಕೇಳಲೇಬೇಕು, ಊರಿನ ಹಿರಿಯರಿಂದ ಇದನ್ನು ಕಟ್ಟಳೆ ಮಾಡಿಸಬೇಕು ಎಂದು ಹುಡುಗಿಯರು ಹಟ ಹಿಡಿದರು. ಕಟ್ಟೆಗೆ ಹೋಗುವ ಮೊದಲು ನಮ್ಮಲ್ಲೇ ತಾಲೀಮು ಆಗಲಿ ಎಂದೆ. ವಿರೋಧದ ಪಾರ್ಟಿಗೆ ಯಾರೂ ಬರಲು ಒಪ್ಪಲಿಲ್ಲ. ನಾಣ್ಯ ಚಿಮ್ಮಲು ಕೈ ಎತ್ತಿದ್ದೆ.

"ನಾ ಮಾತಾಡ್ತೀನ್ರಿ," ಬಾಗಿಲ ಕಡೆಯಿಂದ ದನಿ ಬಂತು. ಕತ್ತರಿಯನ್ನು ಲೋಟದ ಪಕ್ಕ ಇಟ್ಟು ಹೊಲಿಗೆಯ ಹುಡುಗಿ ಎದ್ದು ಬಂದಳು. ಕೊನೆಗೂ ಇವಳ ಬಾಯಿ ಬಿಡಿಸಿದೆ ಎಂದು ನಾನು ಹಿಗ್ಗಿದೆ.

ಅವಳಿಗೆ ಚರ್ಚೆಯ ಅಭ್ಯಾಸವಿರಲಿಲ್ಲ. ನೆಲ ನೋಡುತ್ತ ಮಾತಾಡಿದಳು, ಹೇಳಿದ್ದನ್ನೇ ಹೇಳಿದಳು, ನಡುವೆ ಸಿಟ್ಟಾದಳು. "ಚೀಟಿ ಯಾರ ಕೈಗಿ ಬರ್ತದ? ಹುಡುಗಿ ಕೈಗೋ, ಅವರಪ್ಪನ ಕೈಗೋ? ನೀವು ಹುಡುಗುರದ ಕೇಳ್ರಿ, ಅವರು ಸುಮ್ಮ ಕುಂಡ್ರತಾರೇನು? ಹುಡುಗ್ಯಾರದೂ ತರ್ರಿ ಅಂತಾರ. ಆಗ? ಹುಡುಗಂದು ಏನರೆ ಇದ್ರ ಆಂವ ಬಸ್ ಹತ್ತಿ ಪುಣೆಕ್ಕ ಹೋಗ್ತಾನ. ಹುಡುಗಿದು ಇದ್ರ ಆಕಿ ಎಲ್ಲಿಗಿ ಹೋಗಬೇಕು?" ಓಢಣಿಗೆ ಅಂಟಿದ ದಾರ ಕೀಳುತ್ತ, "ಗುಳಿಗಿ ತಗೊಂಡು ನೆಟ್ಟಗ ಇದ್ದೋರೂ ಇರ್ತಾರ. ಮದಿವಿ ಆಗೋರು ಇಬ್ಬರೂ ತಿಳಕೊಂಡು, ಹೂಂ ಅಂದ್ರ, ನಡುವ ಊರಿಂದೇನ ಅದ?" ಅಂದಳು.

ಪರದ ಪಾರ್ಟಿಯ ಹುಡುಗಿ ತಡವರಿಸಿದಳು. ಅವಳನ್ನು ಕೂರಿಸಿ ನಾನೇ ಎದ್ದೆ. ಏಕೆ ಎದ್ದೆ ಎಂಬುದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ಒಳ್ಳೆಯ ವಾದ ಎದುರು ನಿಂತರೆ ಅದನ್ನು ಕೆಡವದೆ ಕೂರಲು ನನಗೆ ಬರುವುದಿಲ್ಲ, ಅಷ್ಟೆ. ಹುಡುಗಿಯರದೂ ಕೇಳಿದರೆ ಕೇಳಲಿ, ಕೊಡೋಣ, ಸಮಾನತೆ ಎಂದರೆ ಅದೇ ಅಲ್ಲವೇ ಎಂದೆ. ನೆಟ್ಟಗೆ ಇರುವವರು ಚೀಟಿ ತೋರಿಸಲು ಹಿಂಜರಿಯುವುದೇಕೆ ಎಂದೆ. ಕೊನೆಗೆ, "ಮುಚ್ಚಿಡೋರಿಗಷ್ಟ ಅಂಜಿಕಿ, ಉಳಿದೋರಿಗ್ಯಾಕ?" ಎಂದು ಅವಳ ಕಡೆ ಕೈ ತೋರಿಸಿದೆ. ಹುಡುಗಿಯರು ನೆಲ ಬಡಿದು ಕೇಕೆ ಹಾಕಿದರು. ನಾನು ಇನ್ನೂ ಮಾತಾಡಿದೆ. ನನ್ನ ವೇಳೆ ಎಂದೋ ಮುಗಿದಿತ್ತು. ಆದರೆ ಲೋಟ ಬಡಿಯುವವಳೇ ನನ್ನ ಎದುರು ನಿಂತಿದ್ದಳು.

ಅವಳು ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು, ಎಲ್ಲರ ಜೊತೆ ನಕ್ಕಳು. ನಗುತ್ತಲೇ ಹೋಗಿ ತನ್ನ ಜಾಗದಲ್ಲಿ ಕೂತಳು.

ಕಟ್ಟೆಯ ಮೇಲಿನ ದಿನ ನನಗೆ ಯಾವ ತ್ರಾಸವೂ ಆಗಲಿಲ್ಲ. ಹಿರಿಯರು ಎತ್ತಬಹುದಾದ ಒಂದೊಂದು ಆಕ್ಷೇಪವನ್ನೂ ಅವಳು ಮೊದಲೇ ಎತ್ತಿದ್ದಳು. ನನ್ನ ಉತ್ತರಗಳೆಲ್ಲ ಅವಳ ಮೇಲೆ ಮಸೆದು ಚೂಪಾಗಿದ್ದವು.

"ಅಲ್ರಿ ಅಕ್ಕೋರ," ಹಿರಿಯರೊಬ್ಬರು ತಂಬಾಕು ತಿಕ್ಕುತ್ತ ಕೇಳಿದರು, "ಇವತ್ತ ಅಳಿಯನ ರಕ್ತ ತೋರಸು ಅಂತೀರಿ. ನಾಳಿಗಿ ಹಲ್ಲ ತೋರಸು ಅಂದ್ರ?"

"ಎತ್ತ ಕೊಳ್ಳೂ ಮುಂದ ಹಲ್ಲ ನೋಡಂಗಿಲ್ಲೇನ್ರಿ ಯಜಮಾನ್ರ? ಅಳಿಯಾ ಎತ್ತಿಗಿಂತಾ ಕಡಿಮಿ ಏನ್ರಿ?"

ಕಟ್ಟೆ ನಕ್ಕಿತು. ನಗಿಸಿದರೆ ಅರ್ಧ ಗೆದ್ದಂತೆ. ಆಗ ಹಿಂದಿನಿಂದ ಒಬ್ಬರು ಎದ್ದರು. ಅವರು ಹೊಲಿಗೆಯ ಹುಡುಗಿಯ ಕಾಕಾ, ಅವಳ ಅಪ್ಪನ ತಮ್ಮ. ಅಣ್ಣನ ಮಗಳನ್ನು ಮಗಳಂತೆ ಮನೆಯಲ್ಲಿಟ್ಟುಕೊಂಡ ಮನುಷ್ಯ. ಅವರಿಗೂ ಏನೂ ಗೊತ್ತಿರಲಿಲ್ಲ. "ಹುಡುಗುರದಷ್ಟ ಯಾಕ? ಹುಡುಗ್ಯಾರದೂ ಇಡ್ರಿ ತಾಟಿನ್ಯಾಗ. ನ್ಯಾಯ ಅಂದ್ರ ನ್ಯಾಯ."

ಹುಡುಗಿಯರು ನನ್ನ ಹಿಂದೆ ಕೂತಿದ್ದರು. ನಾನು ತಿರುಗಿ ಅವರ ಮುಖ ನೋಡಲಿಲ್ಲ. ಎದುರಾಳಿ ಕೇಳಿದ್ದನ್ನು ಥಟ್ಟನೆ ಒಪ್ಪಿಬಿಟ್ಟರೆ ಅವನ ಕೈಯಲ್ಲಿ ಮತ್ತೇನೂ ಉಳಿಯುವುದಿಲ್ಲ ಎಂಬುದು ಹಳೆಯ ಪಟ್ಟು. "ಇಡ್ತೀವ್ರಿ. ಇಬ್ಬರದೂ. ಮುಚ್ಚಿಡೋರಿಗಷ್ಟ ಅಂಜಿಕಿ" ಎಂದೆ. ಹುಡುಗಿಯರು ಯಾರೂ ನನ್ನ ಕೈಗೆ ಕೊಟ್ಟಿರದ ರಕ್ತವನ್ನು ಕೊಡುತ್ತೇವೆಂದು ನಾನು ಕಟ್ಟೆಯ ಮೇಲೆ ಮಾತು ಕೊಟ್ಟು ಬಂದೆ. ಮುಚ್ಚಿಡೋರ ಅಂಜಿಕೆಯ ಆ ಮಾತು ಆಮೇಲೆ ಊರಿನ ಮಾತಾಯಿತು. ಚೀಟಿಯ ಬಗ್ಗೆ ಯಾರು ಗೊಣಗಿದರೂ ಅದನ್ನೇ ಎದುರು ಇಡುತ್ತಿದ್ದರು.

ಸರ್ಕಾರಿ ಆಸ್ಪತ್ರೆಯ ಕೌನ್ಸೆಲರ್ ಒಬ್ಬರಿಗೆ ಖುಷಿಯಿಂದ ಫೋನ್ ಮಾಡಿ ಹೇಳಿದೆ. ಮನಸ್ಸಿನ ಒಪ್ಪಿಗೆಯಿಲ್ಲದೆ ಈ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರ ಕೈಗೆ ಕೊಡುವಂತಿಲ್ಲ, ಅದಕ್ಕೆ ಕಾಯಿದೆಯೇ ಇದೆ ಎಂದರು. ಒಪ್ಪಿಗೆ ಇದೆಯಲ್ಲ, ಇಡೀ ಊರೇ ಒಪ್ಪಿದೆ ಎಂದೆ. ಅವರು ಸುಮ್ಮನಾದರು. ಎದುರಿನವರು ಸುಮ್ಮನಾದರೆ ಗೆದ್ದೆ ಎಂದು ಎಣಿಸುವುದು ನನಗೆ ಅಭ್ಯಾಸ. ಊರಿನವರು ಸರ್ಕಾರಿ ಆಸ್ಪತ್ರೆಯ ತಂಟೆಯೇ ಬೇಡವೆಂದು, ಏನೂ ಕೇಳದೆ ಚೀಟಿ ಕೊಡುವ ಖಾಸಗಿ ಲ್ಯಾಬಿನ ದಾರಿ ಹಿಡಿದರು.

ಮುಂದಿನ ಚಳಿಗಾಲ. ಹೊಲಿಗೆಯ ಹುಡುಗಿಯ ಅಜ್ಜಿ ಸೆರಗಿನಲ್ಲಿ ಸುಲಗಾಯಿ ಕಟ್ಟಿಕೊಂಡು, ಬಸ್ಸು ಬದಲಿಸಿ, ಬಸವಕಲ್ಯಾಣದಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಹಸಿ ಕಡಲೆಯ ಗಿಡಗಳನ್ನು ಅವ್ವನ ಕೈಗೆ ಕೊಟ್ಟು, ಗೋಡೆಗೊರಗಿ ಕೂತು, ನೀರು ಕುಡಿದಳು.

"ಅಕ್ಕೋರ, ನಮ್ಮ ಊರಾಗ ನಿಮ್ಮ ಮಾತ ನಡೀತದ. ನಮ್ಮ ಕೂಸಿಂದು ಪುಡಾ ಗೊತ್ತಾಗೇದ. ಈ ಪುಡಾಕ್ಕ ಚೀಟಿ ಬ್ಯಾಡ ಅಂತ ಒಂದ್ ಮಾತ ಹೇಳ್ರಿ."

"ಯಾಕ ಆಯಿ? ಹುಡುಗ ಒಲ್ಲೆ ಅಂದಾನೇನು?"

"ಹುಡುಗ ಬಂಗಾರದಂಥಾಂವ ಇದ್ದಾನ."

"ಮತ್ತೇನ ಅಡ್ಡಿ?"

ಅಜ್ಜಿ ಅವ್ವನ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. "ಕೂಸಿಗಿ ಸೂಜಿ ಅಂದ್ರ ಅಂಜಿಕಿರಿ."

ನಾನು ನಕ್ಕುಬಿಟ್ಟೆ. "ದಿನಾ ಹೊಲಿಯೋಕಿಗಿ ಸೂಜಿ ಅಂಜಿಕಿ ಏನ್ ಆಯಿ! ಒಬ್ಬಾಕಿಗಿ ಬಿಟ್ರ ನಾಳಿಗಿ ಎಲ್ಲಾರೂ ಬಿಡ್ರಿ ಅಂತಾರ. ಆವಾಗ ನಾ ಏನ ಹೇಳ್ಲಿ?" ಅಜ್ಜಿಯೂ ನಕ್ಕಳು, ಅದೇ ಮೊಮ್ಮಗಳ ನಗು, ಹೌದ್ರಿ ಹೌದ್ರಿ ಎನ್ನುತ್ತ ಎದ್ದಳು. ಅವ್ವ ಚಹಾ ಸೋಸುತ್ತಿದ್ದಳು. ಕುಡಿದು ಹೋಗು ಅಂದರೂ ನಿಲ್ಲಲಿಲ್ಲ.

"ಸೂಜಿ ಸಲುವಾಗಿ ಯಾರರೆ ಇಷ್ಟ ದೂರ ಬರ್ತಾರೇನ? ಏನ್ ಸಂಕಟನೋ ಕೇಳಬೇಕಿತ್ತ ನೀ" ಎಂದಳು ಅವ್ವ. ಅವಳಿಗೂ ನನ್ನ ಹತ್ತಿರ ಉತ್ತರವಿತ್ತು. ಏನು ಹೇಳಿದೆನೆಂದು ನೆನಪಿಲ್ಲ. ಅವ್ವ ಸುಮ್ಮನಾದದ್ದು ನೆನಪಿದೆ.

ಮುಂದಿನದನ್ನು ನಾನು ಕಂಡಿಲ್ಲ, ಆಮೇಲೆ ಅಜ್ಜಿಯಿಂದಲೂ ಅವಳಿಂದಲೂ ಕೇಳಿದ್ದು. ಕಟ್ಟಳೆಗೆ ಮೊದಲು ಹೂಂ ಎಂದ ಮನೆಯೇ ಅದನ್ನು ಮುರಿದರೆ ಹೇಗೆ ಎಂದು ಕಾಕಾ ಹಟ ಮಾಡಿದರು. ಅವಳನ್ನು ಹುಮನಾಬಾದಿನ ಲ್ಯಾಬಿಗೆ ಕರೆದುಕೊಂಡು ಹೋದರು. ವೈರಸ್ ಎಷ್ಟು ಅಡಗಿದ್ದರೂ ಈ ಪರೀಕ್ಷೆ ಅದರ ಗುರುತನ್ನು ಹಿಡಿಯುತ್ತದೆ. ಚೀಟಿ ಬಂದದ್ದು ಕಾಕಾನ ಕೈಗೆ. ಅದರಲ್ಲಿದ್ದ ಒಂದು ಪದ ಓದಲು ಇಂಗ್ಲಿಷ್ ಬರಬೇಕಾಗಿರಲಿಲ್ಲ. ಕೊಟ್ಟವನ ಮುಖವೇ ಸಾಕಿತ್ತು. ಕಾಕಾ ಕೆಟ್ಟವರಲ್ಲ. ಅವಳ ಮೇಲೆ ಕೈ ಮಾಡಲಿಲ್ಲ, ಬೈಯಲಿಲ್ಲ. ಊರಿಗೆ ಮರಳುವ ಟಂಟಂನಲ್ಲಿ ಕೂತು, ತಡೆಯಲಾಗದೆ, ಅಳುತ್ತ ಮನೆಗೆ ಫೋನ್ ಮಾಡಿ ಹೇಳಿದರು. ಟಂಟಂ ತುಂಬ ಊರಿನವರೇ ಇದ್ದರು.

ಅವಳಿಗೆ ಗೊತ್ತಾಗಿದ್ದ ಹುಡುಗ ನಿರ್ಣಾ ಎಂಬ ಊರಿನ ಕಡೆಯವನು ಎಂದಿಟ್ಟುಕೊಳ್ಳಿ. ಅವನೂ ಅದೇ ಗುಳಿಗೆ ನುಂಗುವವನು. ಔಷಧ ಕೊಡುವ ಆಸ್ಪತ್ರೆಯ ಸಾಲಿನಲ್ಲಿ ಇಬ್ಬರಿಗೂ ಪರಿಚಯವಾಗಿತ್ತು. ಅವನಿಗೆ ಅವಳದು ಗೊತ್ತು, ಅವಳಿಗೆ ಅವನದು ಗೊತ್ತು, ಅವನ ತಾಯಿಗೂ ಈ ಅಜ್ಜಿಗೂ ಎರಡೂ ಗೊತ್ತು. ನಾಲ್ಕು ಜನರ ನಡುವೆ ಯಾರಿಗೂ ಯಾರೂ ಮೋಸ ಮಾಡದ ಒಂದು ಸಂಬಂಧ ಅದು. ನನಗೆ ತಿಳಿದ ಮಟ್ಟಿಗೆ ಆ ಕಟ್ಟಳೆ ಕೇಳುತ್ತಿದ್ದದ್ದನ್ನೆಲ್ಲ ಕಟ್ಟಳೆ ಇಲ್ಲದೆಯೇ ಪಾಲಿಸಿದ್ದ ಸೋಯರಿಕೆ ಅದೊಂದೇ. ಹುಡುಗಿಯ ಸುದ್ದಿ ಬಯಲಾದ ಮೇಲೆ ನಮ್ಮ ಹುಡುಗನ ಮೇಲೂ ಕಣ್ಣು ಬೀಳುತ್ತದೆ ಎಂದು, ಅವನ ಚೀಟಿ ಬರುವ ಮೊದಲೇ ಅವನ ತಾಯಿ ಹಿಂದೆ ಸರಿದರು. ಸ್ವಲ್ಪ ದಿನ ತಡಿ ಎಂದು ಅವನು ಹೇಳಿದನಂತೆ. ಆಮೇಲೆ ಫೋನ್ ಎತ್ತಲಿಲ್ಲ.

ಊರಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಒಬ್ಬೊಬ್ಬರಾಗಿ ಬಂದು ವಾಪಸು ಒಯ್ದರು. "ಅವಸರ ಏನಿಲ್ಲ ತಗೋ ತಂಗಿ, ಆಮ್ಯಾಗ ಕೊಡ್ತೀವಿ." ಬಟ್ಟೆಯಿಂದ, ಊಟದಿಂದ, ಮುಟ್ಟುವುದರಿಂದ ಹರಡುವುದಿಲ್ಲ ಎಂದು ನನ್ನೆದುರು ಥಟ್ಟನೆ ಉತ್ತರ ಹೇಳುತ್ತಿದ್ದ ಬಾಳೆಹಣ್ಣಿನ ಹುಡುಗಿಯ ಮನೆಯವರೂ ಒಯ್ದರು.

ಅಜ್ಜಿಯ ಬಾಯಿಂದ ಇಷ್ಟೆಲ್ಲ ಕೇಳಿದ ಮೇಲೆ ನಾನು ಮತ್ತೆ ಕಟ್ಟೆಗೆ ಹೋದೆ. ಕಟ್ಟಳೆಯನ್ನು ತೆಗೆಯಿರಿ ಎಂದು, ಈ ಸಲ ಅವಳ ವಾದಗಳನ್ನೇ ಒಂದೊಂದಾಗಿ ಇಟ್ಟೆ. ಚೀಟಿ ಅಂದಿನವರೆಗಿನ ಸುದ್ದಿ ಹೇಳುತ್ತದೆಯೇ ಹೊರತು ಮದುವೆಯ ಮರುವರ್ಷದ್ದಲ್ಲ ಎಂದೆ. ಅದು ನಿಜವೂ ಆಗಿತ್ತು. ಹೊಸದಾಗಿ ಮದುವೆಯಾದ ಹುಡುಗಿಯರನ್ನು ನಿರೋಧ್ ಬಗ್ಗೆ ಕೇಳಿದರೆ, "ಚೀಟಿ ಕ್ಲೀನ್ ಅದಲ್ರಿ ಅಕ್ಕಾ" ಎನ್ನತೊಡಗಿದ್ದರು. ಮೀಸೆ ತಿರುವುವ ಆಟ ನಿಂತುಹೋಗಿತ್ತು.

"ಅಕ್ಕೋರ," ತಂಬಾಕಿನ ಹಿರಿಯರು ಕಣ್ಣು ಕಿರಿದು ಮಾಡಿ ಕೇಳಿದರು, "ಹ್ವಾದ ಸಲ ಛಾಪಾ ಬಿದ್ದಿತ್ತು, ಈ ಸಲ ಕಾಟಾ ಬಿತ್ತೇನು?"

ಕಟ್ಟೆ ನಕ್ಕಿತು. ಆಮೇಲೆ ಕಾಕಾ ಎದ್ದರು. ಇಳಿದುಹೋಗಿದ್ದರು. "ಚೀಟಿ ಇತ್ತಂತ ನಮಗ ಗೊತ್ತಾತ್ರಿ. ಇಲ್ಲಾಂದ್ರ ಏನೂ ಗೊತ್ತಿಲ್ಲದ ಆ ಹುಡುಗನ ಕೊಳ್ಳಿಗಿ ಕಟ್ಟಿಬಿಡ್ತಿದ್ದೆ. ಆ ಪಾಪ ನನಗ ಬಡೀತಿತ್ತು. ಚೀಟಿ ಇರಬೇಕ್ರಿ."

ನನ್ನ ಬಾಯಲ್ಲಿ ಉತ್ತರ ಸಿದ್ಧವಿತ್ತು. ಆ ಹುಡುಗನಿಗೆ ಎಲ್ಲ ಗೊತ್ತಿತ್ತು, ಅವನದೂ ಅದೇ ಕಥೆ ಎಂದರೆ ಸಾಕು, ಕಾಕಾನ ಮಾತು ಅಲ್ಲೇ ಬೀಳುತ್ತಿತ್ತು. ನನ್ನ ಜೀವನದಲ್ಲಿ ಅದಕ್ಕಿಂತ ಗಟ್ಟಿ ವಾದ ಯಾವುದೂ ನನ್ನ ಕೈಗೆ ಸಿಕ್ಕಿರಲಿಲ್ಲ. ಅದನ್ನು ಹೇಳಿದರೆ ಇನ್ನೊಂದು ಊರಿನಲ್ಲಿ ಇನ್ನೊಂದು ಮನೆ ಬಯಲಾಗುತ್ತದೆ. ಬಾಯಿ ತೆರೆದೆ, ಮುಚ್ಚಿಕೊಂಡೆ. ಅಷ್ಟರಲ್ಲಿ ಯಾರೋ ನಗೆಚಾಟಿಕೆ ಮಾಡಿದರು, ಎಲ್ಲರ ಜೊತೆ ನಾನೂ ನಕ್ಕೆ. ನಗುತ್ತಿರುವಾಗಲೇ ಬುದ್ಧ ವಿಹಾರದ ಪಕ್ಕದ ಹಾಲ್, ನಗುತ್ತಲೇ ಹೋಗಿ ಕೂತ ಅವಳು, ಎಲ್ಲ ಕಣ್ಣಿಗೆ ಬಂತು. ನಾನು ಸುಮ್ಮನಾದದ್ದನ್ನು ಕಟ್ಟೆ ತನ್ನ ಗೆಲುವೆಂದು ಎಣಿಸಿತು.

ಕಟ್ಟಳೆ ಇನ್ನೂ ಇದೆ. ಚೀಟಿಯ ಮಾತು ಕೇಳಿ ಒಬ್ಬ ಹುಡುಗನ ಕಡೆಯವರು ಮರಳಿ ಬರಲೇ ಇಲ್ಲವಂತೆ; ನೋಡಿ, ಒಂದು ಹೆಣ್ಣು ಉಳಿಯಿತು ಎಂದು ಊರು ತೋರಿಸುತ್ತದೆ. ಇದ್ದರೂ ಇರಬಹುದು. ಅವರಿಗೆ ಹುಡುಗಿಯ ಮನೆ ಹಿಡಿಸದೆಯೂ ಇರಬಹುದು. ನಾನು ಎರಡೂ ಕಡೆ ವಾದಿಸಬಲ್ಲೆ. ನಾನು ಆಗ ಸಣ್ಣವಳು, ಗೊತ್ತಿಲ್ಲದೆ ಮಾಡಿದೆ, ಗಂಡ ಮುಚ್ಚಿಟ್ಟಿದ್ದರಿಂದ ತವರಿಗೆ ಬಂದ ಆ ಬಸುರಿಯ ಕಣ್ಣೀರೂ ನಿಜವಲ್ಲವೇ ಎಂದು ನನ್ನ ಪರವಾಗಿ ಬಹಳ ಚೆನ್ನಾಗಿ ಮಾತಾಡಬಲ್ಲೆ. ಮಾತಾಡಿ ನೋಡಿದ್ದೇನೆ ಕೂಡ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು. ಗೆದ್ದಿದ್ದೇನೆ. ಇಳಿಯುವಾಗ ಅದೇ ಸಂಕಟ ಜೊತೆಗೆ ಇಳಿಯುತ್ತದೆ. ಗೊತ್ತಿರಲಿಲ್ಲ ಎನ್ನುವುದು ಸರಿ. ಆದರೆ ತಿಳಿಯಬಾರದೆಂದು ಯಾರೂ ನನ್ನ ಕಿವಿ ಮುಚ್ಚಿರಲಿಲ್ಲವಲ್ಲ. ಅವಳು ಹೇಳುತ್ತಲೇ ಇದ್ದಳು.

ಈಗ ಅವಳೂ ಅಜ್ಜಿಯೂ ಬಸವಕಲ್ಯಾಣದಲ್ಲಿ ಒಂದು ಖೋಲಿ ಬಾಡಿಗೆ ಹಿಡಿದಿದ್ದಾರೆ. ಅವಳ ಆರೋಗ್ಯ ಚೆನ್ನಾಗಿದೆ, ಕೈಯಲ್ಲಿ ಕೆಲಸವೂ ಇದೆ. ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ, ನನಗೊಬ್ಬಳಿಗೆ ಬಿಟ್ಟರೆ. ಅದಕ್ಕೇ ಅವಳ ಬಾಗಿಲಿಗೆ ಹೋಗಲು ನನಗೆ ಮೊದಲು ಧೈರ್ಯವಾಗಲಿಲ್ಲ. ಒಂದು ರವಿಕೆ ಬಟ್ಟೆ ಹಿಡಿದು ಹೋದೆ. ಕಂಡ ಕೂಡಲೇ, "ಸಾರಿ ಅನ್ನಾಕ ಬಂದೀರೇನು?" ಎಂದಳು. "ಅನ್ನಬ್ಯಾಡ್ರಿ. ನೀವ ಸಾರಿ ಅಂದ್ರ ನಾ ಇರ್ಲಿ ಬಿಡ್ರಿ ಅನ್ನಬೇಕಾಗ್ತದ. ಮತ್ತ ನೀವ ಗೆದ್ದಂಗ ಆತು." ಬಟ್ಟೆ ಇಸಿದುಕೊಂಡು ಬೆಳಕಿಗೆ ಹಿಡಿದು, "ಇದಕ್ಕ ಅಸ್ತರ ಬೇಕಾಗ್ತದ. ಅಗ್ಗದ ಬಟ್ಟಿ ತಂದೀರಿ" ಎಂದು ಬೈದಳು.

ಹಾಗಾಗಿ ಸಾರಿ ಅಂದಿಲ್ಲ. ಕಳೆದ ವಾರ ಅಳತೆ ನೋಡಲು ಕರೆದಿದ್ದಳು. ಹಾಕಿಕೊಂಡು ನಿಂತೆ. ಅಜ್ಜಿ ಹೊಸ್ತಿಲಲ್ಲಿ ಮೆಂತ್ಯ ಬಿಡಿಸುತ್ತ ಕೂತಿದ್ದಳು. ಮೊಮ್ಮಗಳು ತುಟಿಗಳ ನಡುವೆ ಗುಂಡುಪಿನ್ನುಗಳನ್ನು ಹಿಡಿದು, ನನ್ನ ತೋಳು ಎತ್ತಿಸಿ, ಬಗಲ ಹತ್ತಿರ ಸಡಿಲಿದ್ದ ಬಟ್ಟೆಯನ್ನು ಒಂದೊಂದೇ ಪಿನ್ನಿನಿಂದ ಬಿಗಿ ಮಾಡುತ್ತಿದ್ದಳು. ಕತ್ತರಿ ಮಶಿನ್ನಿನ ಮೇಲಿತ್ತು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ನೆತ್ತಿಯಷ್ಟೇ. ಕೇಳಬಾರದೆಂದುಕೊಂಡೇ ಹೋಗಿದ್ದೆ.

"ತಂಗಿ, ಅವತ್ತ ಲೋಟ ಬಡಿಯೋರು ಯಾರರೆ ಇದ್ದು, ನಾ ನನ್ನ ಟೈಮಿಗಿ ಸುಮ್ಮನಾಗಿದ್ರ, ನೀ ಬಾಯಾಗಿದ್ದ ಆ ಮಾತ ನನಗ ಹೇಳ್ತಿದ್ದೇನು?"